ಹೊಳೆಹಂಚಿನಾಳದ ಎಂಟು ಗಂಟೆಯ ಬಸ್ಸು

"ಯಾವ ಬಸ್ಸಿಗೆ ಹೋದಳು ಅಂದಿ?"

"ಎಂಟರ ಬಸ್ಸಿಗೆ, ಅಜ್ಜಾ."

"ಹತ್ತಿಸಿ ಬಂದವರು ಯಾರು?"

"ಅಪ್ಪ."

"ನಿನ್ನಿ ಕೇಳಿದಾಗ ಅವ್ವ ಅಂದಿದ್ದೆಲ್ಲ?"

ಕಲ್ಯಾಣಿ ಬಾಗಿಲ ಕಡೆ ನೋಡಿದಳು. ಅಜ್ಜ ರಾಚಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಎದುರಿಗೆ ಬರುವ ಲಾರಿಯವನು ಯಾವ ಕಡೆ ಹೊರಳಿಸುತ್ತಾನೋ ಎಂದು ನೋಡುವ ಹಾಗೆ ಅವನು ಹನ್ನೊಂದು ವರ್ಷದ ಮೊಮ್ಮಗಳ ಮುಖವನ್ನು ನೋಡಿದ. ಆಮೇಲೆ ಏನೂ ಆಗದವನಂತೆ ಕಿಟಕಿಯ ಕಡೆ ತಿರುಗಿದ.

ಒಂದು ತಿಂಗಳ ಹಿಂದೆ ಇದೇ ಅಜ್ಜನಿಗೆ ಬೆಳಿಗ್ಗೆ ಉಂಡದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ಈಗ ನಿನ್ನೆ ಯಾರು ಏನು ಹೇಳಿದರು, ಇವತ್ತು ಏನು ಹೇಳಿದರು ಎಂದು ತೂಗಿ ನೋಡುತ್ತಿದ್ದ. ನೆನಪು ಉಳಿಸುವ ಹೊಸ ಯಂತ್ರ ಮುದುಕನನ್ನು ಮತ್ತೆ ಮನುಷ್ಯನನ್ನಾಗಿ ಮಾಡಿತೆಂದು ಓಣಿಯವರೆಲ್ಲ ಹೊಗಳುತ್ತಿದ್ದರು. ಕಲ್ಯಾಣಿಗೆ ಮಾತ್ರ ಬೇರೆಯೇ ಸಂಶಯ. ಆ ಯಂತ್ರ ತನ್ನ ಅಜ್ಜನನ್ನು ತಂದುಕೊಟ್ಟಿಲ್ಲ, ಅಜ್ಜನ ತಲೆಯೊಳಗೆ ಇನ್ನಾರನ್ನೋ ತಂದು ಕೂರಿಸಿದೆ. ಅವಳ ಅಜ್ಜ ಅವಳನ್ನು ಹೀಗೆ ಎಂದೂ ನೋಡಿದವನಲ್ಲ.

ಅಜ್ಜಿ ದಾನವ್ವ ಲಿಂಗೈಕ್ಯಳಾಗಿ ವರ್ಷವಾಗುತ್ತ ಬಂದಿತ್ತು. ರಾಚಪ್ಪನ ಮರೆವು ಅದಕ್ಕೂ ಮೊದಲೇ ಶುರುವಾಗಿತ್ತು. ಆದರೆ ದಾನವ್ವ ಇದ್ದಷ್ಟು ದಿನ ಅದು ಮನೆಯವರಿಗೆ ಭಾರವಾಗಿರಲಿಲ್ಲ. ಉಂಡು ಕೈತೊಳೆದವನು ಮತ್ತೆ ತಾಟಿನ ಮುಂದೆ ಬಂದು ಕೂತರೆ ಅವಳು ಅರ್ಧ ರೊಟ್ಟಿ ಹಾಕಿ, "ಇದು ಎರಡನೇ ಟ್ರಿಪ್ಪು, ಹಾಫ್ ಟಿಕೇಟ" ಎಂದು ನಗುತ್ತಿದ್ದಳು. ಅವನೂ ನಗುತ್ತಿದ್ದ. ಒಂದು ಸಂಸಾರದಲ್ಲಿ ಇಬ್ಬರಿಗೆ ಒಂದು ನೆನಪು ಸಾಕು ಎಂಬ ಹಾಗೆ ಅವರ ದಿನ ನಡೆದಿತ್ತು.

ಅವಳನ್ನು ಮಣ್ಣಿಗೆ ಕೊಟ್ಟು ಬಂದ ಮರುದಿನ ಬೆಳಿಗ್ಗೆ ರಾಚಪ್ಪ ಎದ್ದು ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ, "ದಾನವ್ವ ಎಲ್ಲಿ?" ಎಂದು ಕೇಳಿದ. ಮಗ ಸಂಗಮೇಶ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮುದುಕ ಎದೆ ಬಡಿದುಕೊಂಡು ಅತ್ತ. ಮಧ್ಯಾಹ್ನ ಮರೆತ. ಮರುದಿನ ಮತ್ತೆ ಕೇಳಿದ, ಮತ್ತೆ ಹೇಳಿದರು, ಮತ್ತೆ ಅಷ್ಟೇ ಅತ್ತ. ಹತ್ತು ದಿನ ಹೀಗೇ ಆದಾಗ ಸೊಸೆ ಸುವರ್ಣಾಳಿಗೆ ತಡೆಯಲಾಗಲಿಲ್ಲ.

"ಸಾಕ್ರಿ ಇನ್ನ. ದಿನಾ ಮನಿಯೊಳಗ ಹೆಣ ಎತ್ತಿದಂಗ ಆಗಾಕತ್ತೈತಿ. ತವರಿಗೆ ಹೋಗ್ಯಾಳ ಅಂದ್ರ ಆತು. ಹೆಂಗೂ ಮಧ್ಯಾಹ್ನಕ್ಕ ಮರಿತಾರ" ಎಂದಳು.

ಆ ಮಾತನ್ನು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೇಳಲು ಕಲಿತವಳು ಕಲ್ಯಾಣಿ. ಬರಿಯ ತವರು ಎಂದರೆ ಅಜ್ಜ ಮತ್ತೆ ಮತ್ತೆ ಕೇಳುತ್ತಿದ್ದ. ಊರಿನ ಹೆಸರು, ಬಸ್ಸಿನ ಹೊತ್ತು ಸೇರಿಸಿ ಹೇಳಿದರೆ ಸಮಾಧಾನವಾಗುತ್ತಿದ್ದ. ಅಜ್ಜಿಯ ತವರು ಹೊಳೆಹಂಚಿನಾಳ. ಅಜ್ಜಿ ಅದರ ಸುದ್ದಿಯನ್ನು ನಿನ್ನೆ ತಾನೆ ಹೋಗಿ ಬಂದವಳಂತೆ ಹೇಳುತ್ತಿದ್ದಳು. ಬಾಗಿಲ ಮುಂದಿನ ಪೇರಲ ಗಿಡ, ಹೊಳೆಯ ದಂಡೆಯ ಗುಡಿ, ಎಂಟಕ್ಕೆ ಹತ್ತಿದರೆ ಒಂಬತ್ತಕ್ಕೆ ಅವ್ವನ ಮನೆ ಮುಟ್ಟಿಸುವ ಬಸ್ಸು, ಎಲ್ಲ ಕಲ್ಯಾಣಿಗೆ ಬಾಯಿಪಾಠ. "ಎಂಟರ ಬಸ್ಸಿಗೆ ಹೊಳಿಹಂಚನಾಳಕ್ಕ ಹೋಗ್ಯಾಳ, ಅಜ್ಜಾ" ಎಂದರೆ ಮುದುಕನ ಮುಖ ಅರಳುವುದು. "ಹಂಗಾರ ಬರೂಮುಂದ ಪೇರಲಹಣ್ಣ ತರ್ತಾಳ ಬಿಡು" ಎನ್ನುವನು. ಹೊಸ್ತಿಲ ಮುಂದಿನ ರಂಗೋಲಿಯ ಹಾಗೆ ಆ ಮಾತು ದಿನವೂ ಅಳಿಯುತ್ತಿತ್ತು, ದಿನವೂ ಹೊಸದಾಗಿ ಬರೆಯಬೇಕಾಗಿತ್ತು. ಅದರಿಂದ ಯಾರಿಗೂ ಕೇಡಿರಲಿಲ್ಲ.

ಆಮೇಲೆ ಊರಿಗೆ ಸ್ಮೃತಿ ಕೇಂದ್ರ ಬಂತು.

ಅಣೆಕಟ್ಟಿನ ನೀರಿಗೆ ಊರು ಬಿಟ್ಟವರಿಗಾಗಿ ಕಟ್ಟಿದ ಹೊಸ ಊರು ಅದು. ಓಣಿಗಳಿಗೆ ಹೆಸರಿಲ್ಲ, ಸೆಕ್ಟರ್ ನಂಬರುಗಳಿವೆ. ಅಲ್ಲಿ ಮರೆವಿನ ಮುದುಕರು ಬಹಳ. ಕೇಂದ್ರದ ರಜಿಯಾ ಡಾಕ್ಟರು ಮೊದಲ ದಿನ ರಾಚಪ್ಪನ ಮನೆಯವರನ್ನು ಕೂರಿಸಿಕೊಂಡು ತಮ್ಮ ಯಂತ್ರದ ಮರ್ಮ ತಿಳಿಸಿದರು.

"ನಾವು ಏನರ ನೆನಸಿಕೊಂಡಾಗ ಆ ನೆನಪು ಹಸಿಮಣ್ಣಿನಂಗ ಮೆತ್ತಗಾಗತೈತಿ. ತಿರುಗಿ ಗಟ್ಟಿ ಆದ್ರನ ಉಳಿಯೂದು. ಅಜ್ಜಾರ ಮಿದುಳಿನ್ಯಾಗ ಗಟ್ಟಿ ಆಗೂದು ನಿಂತೈತಿ. ಹಣಿಗೆ ಕಟ್ಟೂ ಈ ಪಟ್ಟಿ, ಕುಂಬಾರ ಗಡಿಗಿ ಸುಟ್ಟಂಗ, ಆ ನೆನಪನ್ನ ಸುಟ್ಟು ಗಟ್ಟಿ ಮಾಡತೈತಿ. ಮೂರು ದಿನ ಸುಟ್ಟರ ಮುಗೀತು, ಅದು ಹೋಗೂದಿಲ್ಲ."

"ಸುಳ್ಳ ನೆನಪ ಬಂದ್ರ?" ಎಂದಳು ಕಲ್ಯಾಣಿ. ಅವಳಿಗೆ ಆ ಪಟ್ಟಿಯನ್ನು ಕಂಡಾಗಲೇ ಮನಸ್ಸಿಗೆ ಬಂದಿರಲಿಲ್ಲ.

"ಶಾಣ್ಯಾಕಿ ಅದಿ" ಎಂದು ಡಾಕ್ಟರು ನಕ್ಕರು. "ಯಂತ್ರಕ್ಕ ಖರೇದು, ಸುಳ್ಳಿಂದು ತಿಳಿಯೂದಿಲ್ಲ. ಅದಕ್ಕ ಒಬ್ಬರು ಸಾಕ್ಷಿ ಬೇಕು. ಅಜ್ಜಾರು ಹೇಳಿದ್ದು ಖರೇ ಇತ್ತಂದ್ರ ಸಾಕ್ಷಿ ಅವರ ಕೈ ಒತ್ತಬೇಕು. ಒತ್ತಿದ್ರಷ್ಟ ಯಂತ್ರ ಸುಡತೈತಿ."

ಸಾಕ್ಷಿ ಯಾರಾಗಬೇಕೆಂದು ಮೂವರನ್ನೂ ಮುದುಕನ ಪಕ್ಕದಲ್ಲಿ ಕೂರಿಸಿ ನೋಡಿದರು. ಕಲ್ಯಾಣಿ ಕೂತಾಗ ಅವನ ನಾಡಿ ಎಲ್ಲರಿಗಿಂತ ಶಾಂತವಾಗಿ ನಡೆಯಿತು. ಅವಳೇ ಸಾಕ್ಷಿಯೆಂದು ಗೊತ್ತಾಯಿತು. ಅವಳ ಮಣಿಕಟ್ಟಿಗೂ ಒಂದು ಪಟ್ಟಿ ಬಂತು.

ಒಂದು ಅರ್ಜಿಯನ್ನೂ ತುಂಬಬೇಕಾಗಿತ್ತು. ಅದರಲ್ಲಿ ಒಂದು ಪ್ರಶ್ನೆ ಹೀಗಿತ್ತು: ಹಿರಿಯರ ಸಮಾಧಾನಕ್ಕಾಗಿ ನಿಜವಲ್ಲದ್ದನ್ನು ಏನಾದರೂ ಹೇಳುತ್ತಿದ್ದೀರಾ? ಸಂಗಮೇಶ ಯೋಚನೆಯನ್ನೇ ಮಾಡದೆ 'ಇಲ್ಲ' ಎಂದು ಬರೆದ. ಅವನು ಸುಳ್ಳಾಡುವ ಮನುಷ್ಯನಲ್ಲ. ತವರಿಗೆ ಹೋಗಿದ್ದಾಳೆ ಎಂಬುದು ಸುಳ್ಳೆಂದು ಅವನಿಗೆ ಹೊಳೆಯಲೇ ಇಲ್ಲ. ಅಳುವ ಕೂಸಿಗೆ ಚಂದಪ್ಪನನ್ನು ತೋರಿಸಿ ಉಣಿಸುವುದನ್ನು ಯಾವ ಮನೆಯವರು ಸುಳ್ಳೆನ್ನುತ್ತಾರೆ?

ಮೊದಲ ವಾರ ಎಲ್ಲರಿಗೂ ಹಬ್ಬವಾಗಿತ್ತು. ಗಾಜಿನ ಗೋಡೆಯ ಆಚೆ ರಜಿಯಾ ಡಾಕ್ಟರು ಕಿವಿಗೆ ಯಂತ್ರ ಹಾಕಿಕೊಂಡು ಪರದೆಯ ಮುಂದೆ ಕೂತಿರುವರು. ಈಚೆ ಅಜ್ಜ ಮೊಮ್ಮಗಳು ಕೈ ಹಿಡಿದುಕೊಂಡು ಕೂತಿರುವರು. ಮುದುಕ ನೆನಪಾದದ್ದನ್ನು ಹೇಳುವನು, ಕಲ್ಯಾಣಿ ಕೈ ಒತ್ತುವಳು, ಪರದೆಯ ಮೇಲೆ ಹಸಿರು ಗೆರೆ ಮೂಡುವುದು. ಮಗನ ಹೆಸರು ಬಂತು. ಮನೆಯ ನಂಬರು ಬಂತು. ಕಲ್ಯಾಣಿ ಚಿಕ್ಕಂದಿನಿಂದ ಕೇಳಿ ಬಲ್ಲ ಅವನ ರೂಟುಗಳು ಒಂದೊಂದಾಗಿ, ಸ್ಟಾಪಿನ ಮೇಲೆ ಸ್ಟಾಪು ಬಂದವು. ಒಂದು ದಿನ ಸುವರ್ಣಾ ಚಹಾ ತಂದರೆ, "ಸಕ್ಕರಿ ಕಡಿಮಿ ಆಗೇತಲ್ಲ, ಸುವರ್ಣಾ" ಎಂದು ಹೆಸರು ಹಿಡಿದು ಕರೆದ. ಸುವರ್ಣಾ ಒಲೆಯ ಮುಂದೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಎರಡನೆಯ ವಾರದಿಂದ ದಿನದಿನದ ಮಾತುಗಳೂ ನೆನಪುಳಿಯತೊಡಗಿ ಅವನ ನಡತೆ ಬದಲಾಯಿತು.

ಒಂದು ಮಧ್ಯಾಹ್ನ ಕಲ್ಯಾಣಿ ಶಾಲೆಯಿಂದ ಬಂದಾಗ ಅಜ್ಜ ಅಜ್ಜಿಯ ಟ್ರಂಕು ತೆರೆದು ಸೀರೆಗಳನ್ನು ಒಂದೊಂದಾಗಿ ಹಾಸಿಗೆಯ ಮೇಲೆ ಇಡುತ್ತಿದ್ದ. ಟ್ರಂಕಿನ ತಳದಲ್ಲಿ ಅವಳ ಚಾಳೀಸು ಸಿಕ್ಕಿತು. ಅದನ್ನು ಬೆಳಕಿಗೆ ಹಿಡಿದು ನೋಡಿದ. ಬಾಗಿಲಲ್ಲಿ ಮೊಮ್ಮಗಳು ನಿಂತದ್ದನ್ನು ಕಂಡು ತಟ್ಟನೆ ಅಂಗಿಯ ಕಿಸೆಗೆ ಹಾಕಿಕೊಂಡ.

"ಚಾಳೀಸ ಇಲ್ಲದ ಅಕಿಗೆ ಹೊಸ್ತಿಲಾ ಕಾಣೂದಿಲ್ಲ" ಎಂದ. "ಇದನ್ನ ಬಿಟ್ಟು ಬಸ್ ಹತ್ತಿದಳು?"

"ಮರತಿರಬೇಕು, ಅಜ್ಜಾ."

"ಮರಿಯಾಂವ ನಾನು. ಅಕಿ ಅಲ್ಲ."

ಅಂದಿನಿಂದ ಅವನು ಮೂವರನ್ನೂ ಬೇರೆ ಬೇರೆಯಾಗಿ ವಿಚಾರಿಸತೊಡಗಿದ. ಮಗ ಅಡಿಗೆಮನೆಯಲ್ಲಿದ್ದಾಗ ಸೊಸೆಯನ್ನು ಕೇಳುವನು, ಸೊಸೆ ನೀರಿಗೆ ಹೋದಾಗ ಮಗನನ್ನು ಕೇಳುವನು. ಒಬ್ಬರು ವಾರವಾಯಿತು ಎಂದರೆ ಇನ್ನೊಬ್ಬರು ಹದಿನೈದು ದಿನವೆಂದರು. ಒಬ್ಬರು ಹಸಿರು ಸೀರೆ ಎಂದರೆ ಇನ್ನೊಬ್ಬರು ಕೆಂಪೆಂದರು. ಅವನು ಯಾರ ಮಾತನ್ನೂ ತಿದ್ದಲಿಲ್ಲ. ಕೇಳಿಕೊಂಡು ಸುಮ್ಮನಾಗುವನು. ಆ ಸುಮ್ಮನಿರುವಿಕೆಗೆ ಮನೆಯವರು ಹೆದರಿದರು. ಮೂವರೂ ಕದ್ದು ಮಾತಾಡಿಕೊಂಡು ಒಂದೇ ಉತ್ತರ ಹೊಂದಿಸಿಕೊಳ್ಳುವುದು, ಅದನ್ನು ಅವನು ಬಾಗಿಲ ಮರೆಯಿಂದ ನೋಡುವುದು, ಹೀಗೆ ನಾಲ್ಕು ಜನರ ಮನೆಯಲ್ಲಿ ನಾಲ್ಕು ಕಡೆ ಗುಮಾನಿ ಕೂತಿತು.

ಒಂದು ಸಂಜೆ ಅವನು ಕಲ್ಯಾಣಿಯನ್ನು ಪಕ್ಕಕ್ಕೆ ಕರೆದ. ಧ್ವನಿ ಮೆತ್ತಗಿತ್ತು.

"ಕಲ್ಲೂ, ಹೊಳಿಹಂಚನಾಳಕ್ಕ ಕಡೀ ಬಸ್ ಹೊಡದಾಂವ ಯಾರು, ಗೊತ್ತೈತೇನು?"

"ಇಲ್ಲಜ್ಜಾ."

"ನಾನ. ಮೂವತ್ತೈದ ವರ್ಷ ಆತು. ಬೀಸೂಕಲ್ಲು, ತೊಟ್ಟಲಾ, ಗುಡಿಯೊಳಗಿನ ದೇವರು, ಎಲ್ಲಾ ಅದ ಬಸ್ಸಿನ್ಯಾಗ ಬಂದವು. ನಿಮ್ಮಜ್ಜಿ ಹಿಂದಿನ ಸೀಟಿನ್ಯಾಗ ಕುಂತು ತನ್ನ ಊರಿನ ಕಡೆ ನೋಡಕೋಂತ ಬಂದಳು. ಆಮ್ಯಾಲ ನೀರ ಬಂತು. ಗುಡಿ ಮುಳುಗಿತು, ಪೇರಲ ಗಿಡ ಮುಳುಗಿತು, ರೋಡ ಮುಳುಗಿತು." ಅವನು ಅವಳ ಕಡೆ ಬಾಗಿದ. "ಈಗ ಹೇಳು. ನಿಮ್ಮಜ್ಜಿ ಎಂಟರ ಬಸ್ಸಿಗೆ ಯಾವ ಹೊಳಿಹಂಚನಾಳಕ್ಕ ಹೋದಳು?"

ಅಜ್ಜಿಯ ಕತೆಯಲ್ಲಿ ಆ ಊರು ಎಂದೂ ಮುಳುಗಿರಲಿಲ್ಲ.

ಮರುದಿನ ಕೇಂದ್ರಕ್ಕೆ ಹೋಗುವ ದಿನವಾಗಿತ್ತು. ಅಜ್ಜ ಬರಲೊಲ್ಲೆನೆಂದು ಹಟ ಹಿಡಿದದ್ದರಿಂದ ತಂದೆ ಮಗಳು ಇಬ್ಬರೇ ಹೋದರು. ಕಲ್ಯಾಣಿ ಕುರ್ಚಿಯಲ್ಲಿ ಕೂರುವುದಕ್ಕೂ ಮೊದಲು ಕೇಳಿದಳು:

"ಮೇಡಂ, ನೀವು ನಮ್ಮ ಅಜ್ಜನ ತಲಿಯೊಳಗ ಏನ ಹಾಕೀರಿ?"

"ಕಲ್ಯಾಣಿ!" ಎಂದು ಸಂಗಮೇಶ ಗದರಿದ.

"ಖರೇ ಹೇಳ್ರಿ. ನಮ್ಮಜ್ಜ ಹಿಂಗ ಇರಲಿಲ್ಲ. ಪೊಲೀಸ್ರಂಗ ಕೇಳ್ತಾನ. ನಿಮ್ಮವರು ಯಾರೋ ಅಂವನ ಕಿವ್ಯಾಗ ಊದಾಕತ್ತಾರ."

ರಜಿಯಾ ಡಾಕ್ಟರು ಸಿಟ್ಟಾಗಲಿಲ್ಲ. ಒಂದು ವಾರದಿಂದ ಅವರಿಗೂ ಆ ಮುದುಕನ ಪಟ್ಟಿಯ ಗೆರೆಗಳು ಸರಿಕಂಡಿರಲಿಲ್ಲ. ಪರದೆಯ ಮೇಲೆ ಹಳೆಯ ದಿನದ ಚಿತ್ರವನ್ನು ತೆರೆದರು. ಅಲ್ಲಿ ಅಜ್ಜ ನಗುತ್ತ ಹೇಳುತ್ತಿದ್ದ: "ದಾನವ್ವ ತವರಿಗೆ ಹೋಗ್ಯಾಳ. ಎಂಟರ ಬಸ್ಸಿಗೆ. ನಮ್ಮ ಕಲ್ಲೂ ಹೇಳ್ಯಾಳ." ಪಕ್ಕದಲ್ಲಿ ಕಲ್ಯಾಣಿ, ಮನೆಯಲ್ಲಿ ದಿನವೂ ಮಾಡುವಂತೆಯೇ, ತಲೆಯಾಡಿಸಿ ಕೈ ಒತ್ತಿದಳು. ಹಸಿರು ಗೆರೆ. ಮರುದಿನದ ಚಿತ್ರ, ಅದೇ ಮಾತು, ಅದೇ ಕೈ. ಮೂರನೆಯ ದಿನದ್ದೂ ಅದೇ.

"ಇದು ಖರೇ ಅಲ್ಲೇನು?" ಎಂದು ಡಾಕ್ಟರು ನಿಧಾನವಾಗಿ ಕೇಳಿದರು.

ಸಂಗಮೇಶ ನೆಲ ನೋಡಿದ. "ನಮ್ಮವ್ವ ತೀರಿಕೊಂಡಾಳ್ರಿ. ಸಮಾಧಾನಕ್ಕಂತ..."

"ಅರ್ಜ್ಯಾಗ ನೀವು ಇಲ್ಲ ಅಂತ ಬರದೀರಿ."

"ಅದನ್ನ ನಾವು ಸುಳ್ಳಂತ ತಿಳದಿರಲಿಲ್ರಿ."

ಕಲ್ಯಾಣಿ ಪರದೆಯ ಮೇಲಿನ ತನ್ನ ಕೈಯನ್ನೇ ನೋಡುತ್ತಿದ್ದಳು. ಇಷ್ಟು ದಿನ ಕತ್ತಲಲ್ಲಿ ಹುಡುಕಿದ ಕಳ್ಳ ತನ್ನ ಅಂಗಿಯನ್ನೇ ತೊಟ್ಟುಕೊಂಡು ಎದುರಿಗೆ ಬಂದ ಹಾಗಾಯಿತು.

"ಊರ ಮುಳುಗಿದ್ದು ಹಳೇ ಗಟ್ಟಿ ನೆನಪು, ರೂಟುಗಳ ಜೋಡಿ ತಾನ ಎದ್ದು ಬಂದೈತಿ; ಆ ಊರಿಗೆ ಹೋಗಿದ್ದೂ ಗಟ್ಟಿ ಆಗೇತಿ" ಎಂದರು ಡಾಕ್ಟರು. "ಎರಡನ್ನೂ ಬಿಡಾಕ ಅವರಿಗೆ ಬರೂದಿಲ್ಲ. ಅಂಥಾಗ ಮನಸ್ಸು ಸುಮ್ನ ಇರೂದಿಲ್ಲ. ಎರಡಕ್ಕೂ ಹೊಂದೂವಂಗ ಮೂರನೇದೊಂದು ಕಟ್ಟತೈತಿ."

ಅಷ್ಟರಲ್ಲಿ ಸಂಗಮೇಶನ ಫೋನು ರಿಂಗಣಿಸಿತು. ಸುವರ್ಣಾ ಅಳುತ್ತಿದ್ದಳು. "ಮಾವಾರು ಮನ್ಯಾಗಿಲ್ರಿ. ಅತ್ತಿಯವರ ಚಪ್ಪಲಿ ತಗೊಂಡು ಎಲ್ಲೋ ಹೋಗ್ಯಾರ."

ಮುದುಕ ಮನೆಯಲ್ಲೂ ಬಿಚ್ಚದ ಹಣೆಯ ಪಟ್ಟಿ ಎಲ್ಲಿದೆಯೆಂಬುದು ಡಾಕ್ಟರ ಪರದೆಯ ಮೇಲೆ ಚುಕ್ಕೆಯಾಗಿ ಕಾಣುತ್ತಿತ್ತು. ಚುಕ್ಕೆ ಊರಾಚೆಯ ಹಿನ್ನೀರಿನ ಅಂಚಿನಲ್ಲಿತ್ತು.

ಅಲ್ಲಿ ಹಳೆಯ ಡಾಂಬರು ರಸ್ತೆಯೊಂದು ನೆಟ್ಟಗೆ ಹೋಗಿ ನೀರಿನೊಳಗೆ ಇಳಿಯುತ್ತದೆ. ರಸ್ತೆ ಮುಗಿಯುವುದಿಲ್ಲ, ನೀರಿನ ಕೆಳಗೆ ಮುಂದುವರಿಯುತ್ತದೆ. ರಾಚಪ್ಪ ಮೊಣಕಾಲು ಮಟ್ಟದ ನೀರಿನಲ್ಲಿ ನಿಂತಿದ್ದ. ದಾನವ್ವನ ಚಪ್ಪಲಿ ಎದೆಗೆ ಒತ್ತಿಕೊಂಡಿದ್ದ. ಸಂಗಮೇಶ ಓಡಿ ಹೋಗಿ ತೋಳು ಹಿಡಿದ.

"ಕೈ ಬಿಡು" ಎಂದ ಮುದುಕ. "ಇಲ್ಲೇ ಇಳದಾಳ ಅಕಿ. ಇದ ರೋಡು. ಬ್ಯಾರೇ ರೋಡ ಇಲ್ಲ ಹೊಳಿಹಂಚನಾಳಕ್ಕ. ನೀವೆಲ್ಲಾ ಕೂಡಿ ಮುಚ್ಚಿಟ್ಟೀರಿ."

"ಇಲ್ಲಪಾ, ಅವ್ವ ಜಡ್ಡಿನ್ಯಾಗ ಹೋದಳು. ಬಾ, ಸಮಾಧಿ ತೋರಸ್ತೀನಿ."

"ತವರಿಗೆ ಹೋಗ್ಯಾಳ ಅಂದವರೂ ನೀವ. ಸಮಾಧ್ಯಾಗ ಅದಾಳ ಅನ್ನಾವರೂ ನೀವ. ಯಾವುದನ್ನ ನಂಬಲಿ?"

ಅವನ ಮುಖದ ಸಿಟ್ಟು ಅಲ್ಲಿಗೆ ಇಳಿಯಿತು. ಕಲ್ಯಾಣಿಯ ಕಡೆ ತಿರುಗಿ ಸಣ್ಣ ಧ್ವನಿಯಲ್ಲಿ ಕೇಳಿದ:

"ಕಲ್ಲೂ, ನಾ ಅಕಿಗೆ ಏನರ ಅಂದಿದ್ದೆನೇನು? ನೀರಿಗೆ ಬೀಳೂವಂಥ ಮಾತು? ನನಗ ನೆನಪಿಲ್ಲ. ಅಂದಿರಬೇಕು ಮತ್ತ. ಇಲ್ಲಂದ್ರ ಅಕಿ ಯಾಕ ಇಳೀತಾ..."

ಅವಳಿಗೆ ಮೊದಲು ತಾನೂ ನೀರಿಗಿಳಿದು ಓಡಿ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಆದರೆ ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಅವಳಿಂದ ಅವನು ಹಿಂದೆ ಸರಿದದ್ದು ಅದೇ ಮೊದಲು.

ದಾನವ್ವನ ವರ್ಷದ ಎಡೆಗೆ ಐದು ದಿನ ಉಳಿದಿತ್ತು. ಅಯ್ಯನವರಿಗೆ, ಬೀಗರಿಗೆ ಹೇಳಿಯಾಗಿತ್ತು. ಮುದುಕ ಮಾತ್ರ, "ಹೆಂಗ ಹೋದಳಂತ ಗೊತ್ತಿಲ್ಲದಾಕಿಗೆ ನಾ ಎಡಿ ಇಡೂದಿಲ್ಲ" ಎಂದು ಕಡ್ಡಿ ಮುರಿದ ಹಾಗೆ ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಸಂಗಮೇಶ ಹೊರಬಾಗಿಲಿಗೆ ಬೀಗ ಹಾಕಿದ. ಬೀಗದ ಸದ್ದು ಕೇಳಿ ಮುದುಕ ನಕ್ಕ. ಆ ನಗುವಿಗಿಂತ ಅಳುವೇ ಮೇಲಿತ್ತು.

ಮರುದಿನ ರಜಿಯಾ ಡಾಕ್ಟರು ತಾವೇ ಮನೆಗೆ ಬಂದರು.

"ದಾರಿ ಒಂದ ಐತಿ" ಎಂದರು. "ಆ ಬಸ್ಸಿನ ನೆನಪನ್ನ ಅವರು ಮತ್ತ ನೆನಸಿಕೊಂಡು ಅದು ಮೆತ್ತಗಾದಾಗ, ಅದಕ್ಕ ಸಾಕ್ಷಿಯಾಗಿ ಕೈ ಒತ್ತಿದಾಕಿನ 'ಅದು ಅಲ್ಲ' ಅನ್ನಬೇಕು. ಬ್ಯಾರೆಯವರು ಅಂದ್ರ ಯಂತ್ರ ಒಪ್ಪೂದಿಲ್ಲ. ಆಮ್ಯಾಲ ಅದರ ಜಾಗಾಕ್ಕ ಖರೇದನ್ನ ಇಡಬೇಕು. ಹಿಂಗ ಅಲ್ಲ ಅನ್ನೂದು ಒಮ್ಮೆ ಅಷ್ಟ. ಎರಡನೇ ಸಲ ಕೆದಕಿದ್ರ ಆ ಮಿದುಳು ತಡಿಯೂದಿಲ್ಲ."

"ಆಮ್ಯಾಲ ದಿನಾ ಅಳ್ತಾರಲ್ರಿ" ಎಂದಳು ಸುವರ್ಣಾ.

"ಅಳ್ತಾರ. ಆದ್ರ ಹೊಸದಾಗಿ ಅಲ್ಲ."

"ಕೂಸಿನ ಮ್ಯಾಲೆ ಇಷ್ಟ ಭಾರ ಹಾಕಬ್ಯಾಡ್ರಿ" ಎಂದ ಸಂಗಮೇಶ. "ಅಜ್ಜ ಆಮ್ಯಾಲ ಅಕಿ ಮಾರಿನ ನೋಡಲಿಲ್ಲಂದ್ರ?"

"ಅದೂ ಆಗಬಹುದು" ಎಂದು ಡಾಕ್ಟರು ಕಲ್ಯಾಣಿಯನ್ನೇ ನೋಡಿ ಹೇಳಿದರು. "ಇನ್ನೊಂದು ಮಾತು, ತಂಗೀ. ನೀನು ಕಣ್ಣಾರೆ ಕಂಡದ್ದನ್ನಷ್ಟ ಹೇಳಬೇಕು. ಕೇಳಿದ್ದು, ಕಟ್ಟಿದ್ದು ಬ್ಯಾಡ. ಅಜ್ಜಿ ಹೋಗೂ ಹೊತ್ತಿನ್ಯಾಗ ನೀ ಏನ ಕಂಡಿ?"

"ಅಕಿ ಏನೂ ಕಂಡಿಲ್ರಿ" ಎಂದಳು ಸುವರ್ಣಾ. "ಬಾಜೂ ಮನ್ಯಾಗ ಬಿಟ್ಟಿದ್ವಿ."

ಕಲ್ಯಾಣಿ ಅವ್ವನ ಕಡೆ ಒಮ್ಮೆ ನೋಡಿದಳು. ಆಮೇಲೆ, "ನಾ ಹೇಳ್ತೀನಿ, ಮೇಡಂ" ಎಂದಳು. ಏನೆಂದು ಯಾರಿಗೂ ಹೇಳಲಿಲ್ಲ.

ಮರೆವು ದುಃಖಿಗಳಿಗೆ ಶಿವ ಕೊಟ್ಟ ವರವೆಂದು ಹಿರಿಯರು ಹೇಳುತ್ತಾರೆ. ಇರಬಹುದು. ಆದರೆ ಮರೆವು ದುಃಖವೊಂದನ್ನೇ ಆರಿಸಿ ಒಯ್ಯುವುದಿಲ್ಲ. ದುಃಖ ತಡೆದುಕೊಳ್ಳಲು ದೇವರು ಜೊತೆಗಿಟ್ಟ ಬುತ್ತಿಯನ್ನೂ ಕಟ್ಟಿಕೊಂಡು ಹೋಗುತ್ತದೆ.

ಮರುದಿನ, ದಾನವ್ವ ಹೇಗೆ ಹೋದಳೆಂದು ತಿಳಿಯಬೇಕೆಂದೇ ರಾಚಪ್ಪ ಒಪ್ಪಿ ಬಂದು ಕೇಂದ್ರದ ಕುರ್ಚಿಯಲ್ಲಿ ಕೂತ. ಕಲ್ಯಾಣಿ ಕೈ ಚಾಚಿದರೆ ತನ್ನ ಕೈಯನ್ನು ಧೋತರದ ಮಡಿಕೆಯಲ್ಲಿ ಇಟ್ಟುಕೊಂಡ.

"ನಿನ್ನ ಸಾಕ್ಷಿ ನನಗ ಬ್ಯಾಡ."

ಗಾಜಿನಾಚೆ ತಂದೆ ತಾಯಿ ನಿಂತಿದ್ದರು. ಕಲ್ಯಾಣಿ ಹಣೆಯ ವಿಭೂತಿಯನ್ನೊಮ್ಮೆ ಮುಟ್ಟಿಕೊಂಡಳು.

"ಅಜ್ಜಾ, ಅಜ್ಜಿ ಎಲ್ಲಿಗೆ ಹೋಗ್ಯಾಳ?"

"ನೀನ ಹೇಳಿದ್ದೆಲ್ಲ. ಎಂಟರ ಬಸ್ಸಿಗೆ ಹೊಳಿಹಂಚನಾಳಕ್ಕ."

ಪರದೆಯ ಮೇಲೆ ಆ ನೆನಪಿನ ಗೆರೆ ಅಲುಗಾಡಿ ಹಳದಿಯಾಯಿತು. ಮೆತ್ತಗಾಯಿತೆಂದು ಡಾಕ್ಟರು ಕೈಯೆತ್ತಿ ಸನ್ನೆ ಮಾಡಿದರು.

"ಅದು ಸುಳ್ಳು" ಎಂದಳು ಕಲ್ಯಾಣಿ. "ನಾನ ಹೇಳಿದ್ದು. ಅಕಿ ಯಾವ ಬಸ್ಸಿಗೂ ಹೋಗಲಿಲ್ಲ."

"ಎಷ್ಟ ಸಲ ಹೇಳೀದಿ?"

"ದಿನಾ."

"ಯಾಕ?"

"ನೀ ನಗತಿದ್ದಿ."

ಅವಳು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಧೈರ್ಯ ಬರದೆಂದು ಗೊತ್ತಿತ್ತು.

"ಅಜ್ಜಿಗೆ ಜಡ್ಡ ಆಗಿತ್ತು. ದವಾಖಾನ್ಯಾಗಿಂದ ಮನಿಗೆ ಕರಕೊಂಡು ಬಂದಿದ್ರು. ನನ್ನ ಬಾಜೂ ಮನಿಗೆ ಕಳಿಸಿದ್ರು. ನಾ ಹಿಂದಿನ ಬಾಗಲಾದಿಂದ ವಾಪಸ್ ಬಂದೆ. ಯಾರಿಗೂ ಗೊತ್ತಿಲ್ಲ. ಪಡಸಾಲ್ಯಾಗ ನೀವಿಬ್ಬರ ಇದ್ದಿರಿ. ನೀ ಅಜ್ಜಿ ತಲಿ ಹಿಕ್ಕತಿದ್ದಿ."

"ನಾನು?"

"ಹೂಂ. ನೀನ. ಅಕಿ ತಲಿ ನಿನ್ನ ತೊಡಿ ಮ್ಯಾಲೆ ಇತ್ತು. ಹಣಗಿ ನಿನ್ನ ಕೈಯಾಗ. ಬೈತಲಿ ಸೊಟ್ಟ ಆಗಿತ್ತು."

ಮುದುಕನ ಕಣ್ಣು ಸಣ್ಣವಾದವು. ಗುಮಾನಿ ಬಿಟ್ಟಿರಲಿಲ್ಲ. "ಯಾವ ಕಡೆ ಸೊಟ್ಟ?"

"ಎಡಕ್ಕ. ಕಿವಿ ಕಡೆ."

"ಅಕಿ ಏನಂದಳು?"

"ಡ್ರೈವರ್ ಸಾಹೇಬರ, ಬೈತಲಿ ಹೊಲದಾಗ ಇಳೀತು ಅಂದಳು. ನಿಧಾನ ಅಂದಳು, ಉಸಿರ ಹತ್ತತಿತ್ತು."

"ನಾ ಏನಂದೆ?"

"ಘಾಟಿನ ರೋಡ, ಹಿಂಗ ಇರತೈತಿ, ಕಣ್ಣ ಮುಚ್ಚಿಕೊಂಡ ಕುಂದರು ಅಂದಿ. ಅಕಿ ನಕ್ಕಳು. ಕಣ್ಣ ಮುಚ್ಚಿದಳು." ಕಲ್ಯಾಣಿ ತನ್ನ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. "ಆಮ್ಯಾಲ ತೆರೀಲಿಲ್ಲ. ನೀ ಹಿಕ್ಕೂದ ಬಿಡಲಿಲ್ಲ, ಅಜ್ಜಾ. ಅಪ್ಪ ಬರೂತನಾ ಹಿಕ್ಕತಾನ ಇದ್ದಿ. ನಾ ಬಾಗಲದಾಗ ನಿಂತಿದ್ದೆ. ನೀ ಅಕಿಗೆ ಏನೂ ಅಂದಿಲ್ಲ. ಅಕಿ ಎಲ್ಲಿಗೂ ಹೋಗಲಿಲ್ಲ."

ಗಾಜಿನಾಚೆ ಸಂಗಮೇಶ ಗೋಡೆಗೆ ಆತುಕೊಂಡ. ಅಂದು ಅವನು ಪಡಸಾಲೆಗೆ ಬಂದಾಗ ಅಪ್ಪನ ಕೈಯಲ್ಲಿ ಬಾಚಣಿಗೆ ಇದ್ದದ್ದು ಅವನಿಗೆ ಈಗ ನೆನಪಾಯಿತು. ಅದನ್ನು ಕಸಿದು ಗೂಡಿನಲ್ಲಿ ಇಟ್ಟವನು ಅವನೇ.

ರಾಚಪ್ಪ ತನ್ನ ತೊಡೆಯನ್ನು ನೋಡಿಕೊಳ್ಳುತ್ತಿದ್ದ. ಅವನು ಅತ್ತ. ಎದೆ ಬಡಿದುಕೊಂಡು ಅತ್ತ ಅಳು ಅದಲ್ಲ. ಸುಮ್ಮನೆ ನೀರು ಇಳಿಯುತ್ತಿತ್ತು. ಗೆರೆ ಹಳದಿಯಾಗಿಯೇ ನಿಂತಿತ್ತು.

"ಹೊತ್ತಾಗತೈತಿ, ತಂಗೀ" ಎಂದು ಡಾಕ್ಟರ ಧ್ವನಿ ಕೇಳಿತು. "ಕೈ ಹಿಡಿದು ಒತ್ತು. ಇಲ್ಲಂದ್ರ ಇದೂ ಹೋಗತೈತಿ."

ಕಲ್ಯಾಣಿ ಕೈ ಚಾಚಿದಳು. ಈ ಸಲ ಅವನು ಹಿಡಿದುಕೊಂಡ. ಆದರೆ ಅವಳ ಬೆರಳು ಒತ್ತಲೊಲ್ಲವು. ಒತ್ತದಿದ್ದರೆ ನಾಳೆ ಬೆಳಿಗ್ಗೆ ಅವನು ಎಲ್ಲ ಮರೆತು ಮತ್ತೆ ಕೇಳುತ್ತಾನೆ. ಒತ್ತಿದರೆ ಸಾಯುವವರೆಗೆ ಮರೆಯುವುದಿಲ್ಲ. ಹಿಂದೆ ಅವನನ್ನು ಕೇಳದೆ ಒತ್ತಿದ್ದಳು.

"ಅಜ್ಜಾ, ಒತ್ತಲೇನು? ಒತ್ತಿದ್ರ ದಿನಾ ನೆನಪಿರತೈತಿ. ಅಳು ಬರತೈತಿ."

ರಾಚಪ್ಪ ಇನ್ನೊಂದು ಕೈಯನ್ನು ತೊಡೆಯ ಮೇಲೆ, ಅಲ್ಲಿ ಒಂದು ತಲೆ ಇದ್ದ ಹಾಗೆ, ಮೆಲ್ಲಗೆ ಇಟ್ಟ.

"ಒತ್ತು" ಎಂದ. "ಅಕಿ ಭಾರ ಇಲ್ಲೇ ಇರಲಿ."

ಅವಳು ಒತ್ತಿದಳು.

ಅದು ಗಟ್ಟಿಯಾಗಲು ಇನ್ನೆರಡು ದಿನ ಅದೇ ಮಾತು, ಅದೇ ಕೈ. ಮೂರನೆಯ ದಿನ ಸಂಗಮೇಶ ಹೊರಬಾಗಿಲಿನ ಬೀಗ ತೆಗೆದ.

ವರ್ಷದ ಎಡೆಯ ದಿನ ಅಯ್ಯನವರು ಬಂದು ಪೂಜೆಗೆ ಕೂತರು. ದಾನವ್ವನ ಫೋಟೋದ ಮುಂದೆ ಸುವರ್ಣಾ ಬಾಳೆಲೆ ಹಾಸಿ, ತುಪ್ಪದಲ್ಲಿ ಮುಳುಗಿದ ಹೋಳಿಗೆ ಬಡಿಸಿದಳು. ರಾಚಪ್ಪ ಮಡಿ ಉಟ್ಟು ಬಂದು ಎಲೆಯ ಮುಂದೆ ಕೂತ. ಬಂದ ಬೀಗರೆಲ್ಲ, "ಅವ್ವಾರಿಗೆ ಹೋಳಿಗಿ ಅಂದ್ರ ಜೀವ ಇತ್ತು" ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಅವನು ಎಲ್ಲರ ಮಾತನ್ನೂ ಕೇಳಿಸಿಕೊಂಡ. ಎಲ್ಲರ ಮುಖವನ್ನೂ ಒಮ್ಮೆ ನೋಡಿದ. ಆಮೇಲೆ ಕಂಬದ ಹತ್ತಿರ ನಿಂತಿದ್ದ ಮೊಮ್ಮಗಳ ಕಡೆ ತಿರುಗಿದ.

"ಕಲ್ಲೂ, ಇವರೆಲ್ಲಾ ಹೇಳೂದು ಖರೇನು?"

ಸುವರ್ಣಾ ಕಣ್ಣಲ್ಲೇ ಹೂಂ ಅನ್ನು ಎಂದು ಸನ್ನೆ ಮಾಡಿದಳು. ಜನ ಕೂತಿದ್ದರು. ಅಯ್ಯನವರು ಕಾಯುತ್ತಿದ್ದರು.

"ಇಲ್ಲಜ್ಜಾ" ಎಂದಳು ಕಲ್ಯಾಣಿ. "ಮಂದಿ ಮುಂದ ಅಷ್ಟ ತಿಂತಿದ್ದಳು. ಅಕಿಗೆ ಸೇರತಿದ್ದದ್ದು ಕಡಕ ರೊಟ್ಟಿ, ಶೇಂಗಾ ಹಿಂಡಿ."

ರಾಚಪ್ಪ ಹೋಳಿಗೆಯನ್ನು ಎಲೆಯ ಬದಿಗೆ ಸರಿಸಿದ.

"ತಗೊಂಡ ಬಾ ಮತ್ತ" ಎಂದ.